ದರ್ಜಿಯಣ್ಣನ ಸವಾಲು
ಬಾಕ್ಸಿಂಗ್ ಶಾಲೆಯ ಎದುರಂಗಡಿಯ ದರ್ಜಿಯಣ್ಣನಿಗೆ ಆ ಶಾಲೆಯ ಚಾಂಪಿಯನ್ ಕಣ್ಣಿಗೆ ಬಿದ್ದರೆ ಸಾಕು, ಮೈಯೆಲ್ಲ ಬಿಸಿಯಾಗುತ್ತದೆ. ಹೊಲಿಗೆ ಯಂತ್ರ ಬಿಟ್ಟು ಬೀದಿಗೆ ಹಾರಿ, ಕನ್ನಡಕ ಕಳಚಿ ಹೆಂಡತಿಯ ಕೈಗಿಟ್ಟು, "ರಿಂಗಿನ ಹಗ್ಗದೊಳಗೆ ಯಾರು ಬೇಕಾದ್ರೂ ಹೊಡೀತಾರೆ, ಬೀದೀಲಿ ಹೊಡಿ ನೋಡೋಣ" ಎಂದು ಅಂಗಿಯ ತೋಳೇರಿಸುತ್ತಾನೆ. ಎರಡನೆಯ ತೋಳೇರಿಸುವಷ್ಟರಲ್ಲಿ ಮೊದಲನೆಯದು ಜಾರಿರುತ್ತದೆ. "ಅದು ಕಂಬ ಕಣ್ರೀ, ಅವನು ಈ ಕಡೆ ಇದಾನೆ" ಎಂದು ಹೆಂಡತಿ ತಿರುಗಿಸಿ ನಿಲ್ಲಿಸುತ್ತಾಳೆ. ಚಾಂಪಿಯನ್ "ಸೋತೆ ಅಣ್ಣಾ" ಎಂದು ಕೈಮುಗಿದು ಹೋಗುತ್ತಾನೆ. ಆಮೇಲೆ ದಿನವಿಡೀ ಯಂತ್ರ ಕುದುರೆಯಂತೆ ಓಡುತ್ತದೆ. ಮೊನ್ನೆ ಚಾಂಪಿಯನ್ ಪಂದ್ಯದಲ್ಲಿ ನಿಜವಾಗಿಯೇ ಸೋತು, ಬಾತ ಬೆರಳುಗಳಿಂದ ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ, ಕಾದು ನಿಂತ ಜನರ ಮುಂದೆ ಬರಲು ನಾಚಿ ಶಾಲೆಯ ಬಾಗಿಲಲ್ಲೇ ನಿಂತಿದ್ದ. ಎಂದಿನಂತೆ ಕನ್ನಡಕ ಕಳಚಿ ಧಾವಿಸಿದ ದರ್ಜಿಯಣ್ಣ ಹತ್ತಿರ ಹೋದಾಗಲೇ ಆ ಬೆರಳುಗಳನ್ನು ಕಂಡ. ಐದೂ ಗುಂಡಿ ಹಾಕಿ, ಕಾಲರ್ ಸರಿಪಡಿಸಿ, "ಇವತ್ತು ಬಿಟ್ಟಿದೀನಿ. ಕೈ ವಾಸಿಯಾಗ್ಲಿ, ಆಮೇಲೆ ಇದೆ ನಿಂಗೆ" ಎಂದ.