ಎದುರಿಗೆ ನಿಂತವಳಿಗೆ ಫೋನಿನಲ್ಲಿ ಉತ್ತರ

ನಮ್ಮ ಅಣ್ಣನ ಮೇಜಿನ ಮೇಲೆ ಎರಡು ಫೋನ್‌ಗಳು ಮಲಗಿರುತ್ತಿದ್ದವು. ಯಾರಾದರೂ ಎದುರಿಗೆ ನಿಂತು ಮಾತು ಶುರು ಮಾಡಿದರೆ ಅವನ ಕಣ್ಣು ಅವರ ಮುಖದಿಂದ ಜಾರಿ ಒಂದು ಫೋನಿನ ಮೇಲೆ ಬೀಳುತ್ತಿತ್ತು, ಅಲ್ಲಿಂದ ಇನ್ನೊಂದಕ್ಕೆ ಹೋಗಿ ಅಲ್ಲೇ ಉಳಿಯುತ್ತಿತ್ತು. ಬಾಯಿ ಮಾತ್ರ ಹ್ಞೂಂ ಹ್ಞೂಂ ಎನ್ನುತ್ತಲೇ ಇರುತ್ತಿತ್ತು. ಆ ಹ್ಞೂಂಗುಟ್ಟುವಿಕೆಗೂ ಎದುರಿನವರ ಮಾತಿಗೂ ಏನಾದರೂ ಸಂಬಂಧ ಇದೆಯೇ ಎಂದು ಒಂದು ಸಲ ಪರೀಕ್ಷೆ ಮಾಡಿದ್ದೆ. ಲಾರಿ ಕುಮಳಿ ಘಾಟಿಯಲ್ಲಿ ಕೆಟ್ಟು ನಿಂತಿದೆ ಎಂದೆ. ಹ್ಞೂಂ ಅಂದ. ಡ್ರೈವರನನ್ನು ಆನೆ ಎತ್ತಿಕೊಂಡು ಹೋಯಿತು ಎಂದೆ. ಅದಕ್ಕೂ ಹ್ಞೂಂ ಅಂದ.

ಅಣ್ಣ ಎಂದರೆ ನಮ್ಮ ದೊಡ್ಡಪ್ಪನ ಮಗ. ತಮಿಳುನಾಡಿನ ತೇನಿ ಸೀಮೆಯ ಓಡೈಪಟ್ಟಿಯ ಹತ್ತಿರ ಅವನದೊಂದು ದ್ರಾಕ್ಷಿ ಶೆಡ್ ಇದೆ. ಶೆಡ್ಡಿನವರಿಗೆಲ್ಲ ಅವನು ಮುದಲಾಳಿ, ಅಂದರೆ ಧಣಿ. ಸುತ್ತಲಿನ ತೋಟಗಳಿಂದ ಪನ್ನೀರ್ ಎಂಬ ಕಪ್ಪು ದ್ರಾಕ್ಷಿ ಬರುತ್ತದೆ. ಹೆಂಗಸರು ಉದ್ದನೆಯ ಮೇಜುಗಳ ಮುಂದೆ ನಿಂತು, ಗೊಂಚಲಿನಿಂದ ಒಡೆದ ಹಣ್ಣುಗಳನ್ನು ಕತ್ತರಿಯಿಂದ ತೆಗೆದು, ಒಳ್ಳೆಯದನ್ನು ಟ್ರೇಗಳಿಗೆ ತುಂಬುತ್ತಾರೆ. ಸಂಜೆ ಲಾರಿ ಕೇರಳಕ್ಕೆ ಹೊರಡುತ್ತದೆ. ನಾನು ಅಲ್ಲಿ ಆಫೀಸಿನೊಳಗೆ ಅಣ್ಣನ ಪಕ್ಕದ ಸಣ್ಣ ಮೇಜಿನಲ್ಲಿ ಕೂತು ಹೊರಗಿನ ವ್ಯಾಪಾರಿಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯುತ್ತಿದ್ದೆ. ಅಣ್ಣ ನನ್ನನ್ನು ವಾದ್ಯಾರ್ ಎಂದು ಕರೆಯುತ್ತಿದ್ದ. ಹಾಗೆಂದರೆ ಮೇಷ್ಟ್ರು. ಅದು ಗೌರವಕ್ಕಲ್ಲ, ಕೆಲಸ ಬಿಟ್ಟು ಬಂದ ಮೇಷ್ಟ್ರು ಎಂದು ಶೆಡ್ಡಿಗೆಲ್ಲ ನೆನಪಿರಲಿ ಎಂದು.

ಬಿಟ್ಟು ಬಂದದ್ದು ದಿಂಡಿಗಲ್ಲಿನ ಒಂದು ಕಾಲೇಜನ್ನು. ಅಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದೆ. ಒಂದು ದಿನ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ, ಎರಡು ತರಗತಿಗಳಿಗೆ ಒಂದೇ ಕೊಠಡಿ ಕೊಟ್ಟಿದ್ದಾರೆ, ಯಾವುದನ್ನು ನಿಲ್ಲಿಸಲಿ ಎಂದು ಕೇಳಿದೆ. ಅವರು ಫೋನಿನಲ್ಲಿ ಯಾವುದೋ ಜಲ್ಲಿಕಟ್ಟಿನ ವಿಡಿಯೋವನ್ನು ಸದ್ದಿಲ್ಲದೆ ನೋಡುತ್ತಿದ್ದರು. ನನ್ನ ಮಾತು ಮುಗಿದ ಮೇಲೆ ತಲೆ ಎತ್ತದೆ, ಸೂಪರ್ ಸಾರ್, ಹಾಗೇ ಮಾಡಿಬಿಡಿ ಎಂದರು. ಆ ವಾರವೇ ಕೆಲಸ ಬಿಟ್ಟೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಆಗ ನನ್ನ ಜೊತೆಯಿದ್ದ ಗೆಳೆಯನೊಬ್ಬ ಮಾತ್ರ, ನೀನೆಲ್ಲಿ ಬಿಟ್ಟೆ, ನಮ್ಮಿಬ್ಬರ ಅವಧಿಯನ್ನೂ ಅವರೇ ಮುಂದುವರಿಸಲಿಲ್ಲ ಎನ್ನುತ್ತಾನೆ. ಅವನು ಹೇಳುವುದೇ ನಿಜವಿರಬಹುದು. ಆದರೆ ಆ ಫೋನಿನಲ್ಲಿ ಓಡುತ್ತಿದ್ದ ಹೋರಿಯನ್ನು ನಾನು ಕಲ್ಪಿಸಿಕೊಂಡಿಲ್ಲ.

ನನ್ನ ಓದು ಇತಿಹಾಸ. ಎಂ.ಫಿಲ್.ಗೆ ಮುದುಕರ ಬಾಯಿಂದ ಊರಿನ ಕತೆ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಅಲ್ಲಿ ನಾನು ಕಲಿತದ್ದು, ಯಾರ ನೆನಪನ್ನೂ ಪೂರ್ತಿ ನಂಬಬಾರದು, ಹೇಳುವವನು ಸಿಟ್ಟಿನಲ್ಲಿದ್ದರೆ ಅರ್ಧವನ್ನೂ ನಂಬಬಾರದು ಎಂದು. ಈಗ ಹೇಳಹೊರಟಿರುವ ಸಂಗತಿಯ ಬಗ್ಗೆ ನನಗೆ ಇನ್ನೂ ಸಿಟ್ಟಿದೆ. ಓದುವವರು ಅದಕ್ಕೆ ಎಷ್ಟು ಕಳೆಯಬೇಕೋ ಕಳೆದುಕೊಳ್ಳಲಿ.

ಶೆಡ್ಡಿನ ಹೆಂಗಸರ ಗುಂಪಿಗೆ ಮುಂದಾಳಾಗಿದ್ದವಳು ನಮ್ಮ ಊರು ತೇವಾರದ ಒಬ್ಬ ಅಕ್ಕ. ಮದುವೆಯಾಗಿ ಓಡೈಪಟ್ಟಿಗೆ ಬಂದವಳು. ತೋಟದಿಂದ ಹಣ್ಣು ಬರುತ್ತದೆ ಎಂದು ಗೊತ್ತಾದರೆ ಅಣ್ಣ ನಸುಕಿನಲ್ಲೇ ಅವಳಿಗೆ ಫೋನ್ ಮಾಡುತ್ತಿದ್ದ. ಅವಳು ಮನೆಮನೆಗೆ ಹೋಗಿ ಹೆಂಗಸರನ್ನು ಎಬ್ಬಿಸಿಕೊಂಡು ಬರುತ್ತಿದ್ದಳು. ವರ್ಷಗಟ್ಟಲೆ ನಿಂತು ನಿಂತು ಅವಳ ಕಾಲಿನ ನರಗಳು ಗಂಟುಗಂಟಾಗಿ ಉಬ್ಬಿದ್ದವು. ಇನ್ನು ನಿಂತು ಮಾಡುವ ಕೆಲಸ ಬೇಡ ಎಂದು ತೇನಿಯ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದರು. ಶೆಡ್ಡಿನ ಬಾಗಿಲಲ್ಲಿ ತೂಕದ ಯಂತ್ರದ ಪಕ್ಕ ಒಂದು ಕುರ್ಚಿ ಇತ್ತು. ಅಲ್ಲಿ ಕೂತು ಟ್ರೇಗಳನ್ನು ತೂಗಿಸಿ ಲಾರಿಗೆ ಹತ್ತಿಸುವವನು ಕೆಲಸ ಬಿಟ್ಟಿದ್ದ. ಆ ಜಾಗ ನಿನಗೇ ಎಂದು ಅಣ್ಣ ಅವಳಿಗೆ ಹೇಳಿದ್ದ. ಹೇಳಿದ ಮೇಲೆ ಆ ಮಾತನ್ನೇ ಎತ್ತಲಿಲ್ಲ.

ಈ ನಡುವೆ ಚಿನ್ನಮನೂರಿನ ಕಡೆಯ ಇನ್ನೊಂದು ಶೆಡ್ಡಿನವರು ಅವಳಿಗೆ ಅಂಥದೇ ಕೂರುವ ಕೆಲಸ ಕೊಡುತ್ತೇವೆ ಎಂದಿದ್ದರು. ಇವತ್ತು ಸಂಜೆಯೊಳಗೆ ಬರುತ್ತೀಯೋ ಇಲ್ಲವೋ ಹೇಳು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದೂ ಹೇಳಿದ್ದರು. ಅಲ್ಲಿಗೆ ಹೋಗಲು ಬಸ್ಸು ಬದಲಿಸಬೇಕು. ಇದಾದರೆ ಮನೆಯ ಪಕ್ಕ. ಅವಳಿಗೆ ಇಲ್ಲೇ ಇರುವ ಆಸೆ. ಅವತ್ತು ಬೆಳಿಗ್ಗೆ ಟೀ ಹೊತ್ತಿನಲ್ಲಿ ಇದನ್ನೆಲ್ಲ ನನಗೆ ಹೇಳಿದಳು. ಹೇಳಿದ್ದು ಕನ್ನಡದಲ್ಲಿ.

ಇಲ್ಲಿ ಒಂದು ವಿಷಯ ಹೇಳಬೇಕು. ಅವಳು ನಮ್ಮಂತೆ ಮನೆಯಲ್ಲಿ ಕನ್ನಡ ಆಡುವ ಜನದವಳಲ್ಲ, ಮನೆಮಾತು ತಮಿಳು. ಆದರೆ ತೇವಾರದಲ್ಲಿ ನಮ್ಮವರ ಬೀದಿಯಲ್ಲೇ ಬೆಳೆದವಳು. ನನ್ನ ತಂಗಿಯ ಮಕ್ಕಳಿಗಿಂತ ಅವಳ ಕನ್ನಡ ಚೆನ್ನಾಗಿದೆ. ಆ ಮಕ್ಕಳಿಗೆ ಕೇಳಿದರೆ ಅರ್ಥವಾಗುತ್ತದೆ, ಉತ್ತರ ತಮಿಳಿನಲ್ಲಿ ಬರುತ್ತದೆ. ಅವಳು ನಮ್ಮ ಅಜ್ಜಿಯಂತೆ ಮಾತಾಡುತ್ತಾಳೆ.

ನಮ್ಮ ಜನಕ್ಕೆ ಇದು ತಲೆಗೆ ಹೋಗುವುದೇ ಇಲ್ಲ. ತಲೆತಲಾಂತರದಿಂದ ಈ ಕಣಿವೆಯಲ್ಲಿದ್ದೇವೆ. ಅಕ್ಕಪಕ್ಕದವರ ಭಾಷೆ ನಮಗೆ ನೀರು ಕುಡಿದಷ್ಟು ಸಲೀಸು. ಆದರೆ ನಮ್ಮ ಭಾಷೆ ಅವರಿಗೆ ತಿಳಿಯದು ಎಂದು ಇವತ್ತಿಗೂ ನಂಬಿದ್ದೇವೆ. ತೇವಾರದ ಬಜಾರಿನಲ್ಲಿದ್ದ ನಮ್ಮ ಅಂಗಡಿಯಲ್ಲಿ ಗಿರಾಕಿ ನಿಂತಿರುವಾಗಲೇ ಅಪ್ಪ ಅಮ್ಮನ ಕಡೆ ತಿರುಗಿ, ಇವನಿಗೆ ಹಳೇ ಮಾಲು ಕೊಡು ಎಂದು ಕನ್ನಡದಲ್ಲಿ ಹೇಳುತ್ತಿದ್ದರು. ಗಿರಾಕಿ ಮುಖ ಆ ಕಡೆ ತಿರುಗಿಸಿ ನಗುತ್ತಿದ್ದ. ಅವನು ನಗುತ್ತಿದ್ದುದು ನನಗೆ ನೆನಪಿದೆ. ಅಮ್ಮನನ್ನು ಕೇಳಿದರೆ, ನಿಮ್ಮಪ್ಪ ಯಾವತ್ತೂ ಹಾಗೆ ಮಾಡಿದವರಲ್ಲ ಎಂದುಬಿಡುತ್ತಾಳೆ. ಇರಲಿ. ಭಾಷೆಯ ಆ ಪರದೆ ಹಿಡಿಯಲು ಆಗ ಇಬ್ಬರಾದರೂ ಬೇಕಿತ್ತು, ಒಬ್ಬರ ಮುಖ ಒಬ್ಬರು ನೋಡಬೇಕಿತ್ತು. ಫೋನ್ ಬಂದ ಮೇಲೆ ಅದೂ ಬೇಡವಾಯಿತು. ಕಿವಿಗೆ ಒತ್ತಿಕೊಂಡರೆ ಸಾಕು, ಎದುರಿಗಿದ್ದವರು ಗೋಡೆ.

ಅವತ್ತು ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಆಫೀಸಿಗೆ ಬಂದಳು. ಆಡಿ ತಿಂಗಳ, ಅಂದರೆ ನಮ್ಮ ಆಷಾಢದ ಗಾಳಿ ತಗಡಿನ ಮಾಡನ್ನು ಬಡಿಯುತ್ತಿತ್ತು. ಎದುರಿಗೆ ಎರಡು ಕುರ್ಚಿ ಇದ್ದರೂ ಕೆಲಸದವರು ಅದರಲ್ಲಿ ಕೂರುವ ರೂಢಿ ಇರಲಿಲ್ಲ. ಅವಳು ಒಂದು ಕುರ್ಚಿಯ ಬೆನ್ನು ಹಿಡಿದು ನಿಂತುಕೊಂಡಳು. ತಮಿಳಿನಲ್ಲಿ, ನಿಧಾನವಾಗಿ, ಮೊದಲೇ ಯೋಚಿಸಿಕೊಂಡು ಬಂದವಳಂತೆ ಹೇಳಿದಳು: ಬಾಗಿಲ ಕುರ್ಚಿ ನನಗೆ ಕೊಡುತ್ತೀರಾ ಇಲ್ಲವಾ, ಸಂಜೆ ನಾನು ಬೇರೆ ಕಡೆ ಉತ್ತರ ಹೇಳಬೇಕು, ಯಾವುದಾದರೂ ಸರಿ, ಒಂದು ಮಾತು ಹೇಳಿಬಿಡಿ.

ಅಣ್ಣ ಹ್ಞೂಂ ಅಂದ. ಹೆಬ್ಬೆರಳು ಫೋನಿನ ಮೇಲೆ ಓಡುತ್ತಿತ್ತು. ಅವಳು ಇನ್ನೊಂದು ಸಲ ಹೇಳಿದಳು. ಪಾಕ್ಕಲಾಂ, ಪಾಕ್ಕಲಾಂ ಎಂದ, ನೋಡೋಣ ಎಂದು. ಯಾವಾಗ ನೋಡುತ್ತೀರಿ ಎಂದು ಅವಳು ಕೇಳಿದಳು. ಆಗ ಅವನು ಫೋನನ್ನು ಕಿವಿಗೆ ಇಟ್ಟುಕೊಂಡ.

ಅದು ಸದ್ದು ಮಾಡಿತ್ತೇ? ನನಗೆ ಯಾವ ಸದ್ದೂ ಕೇಳಿಸಲಿಲ್ಲ. ಗಾಳಿ ಜೋರಾಗಿತ್ತು, ಕೇಳಿಸದೆಯೂ ಇರಬಹುದು ಎಂದು ಆ ಕ್ಷಣ ಅಂದುಕೊಂಡೆ. ಅವನು ಕನ್ನಡದಲ್ಲಿ ಶುರು ಮಾಡಿದ. ಮಾತು ಫೋನಿಗೆ, ಕಣ್ಣು ನನ್ನ ಮೇಲೆ.

“ಆ ಸೀಟು ಮಚ್ಚಾನ್ ಮಗನ್ಗೆ ಅಂತ ಯೋಳಾಗೈತೆ ಕಣೋ. ಇವ್ಳ್ಗೆ ಈಗ್ಲೇ ಬಾಯಿ ಬಿಡ್ಬ್ಯಾಡ. ಸೀಸನ್ ಮುಗಿಯೋಗಂಟ ಆಯ್ತು ಆಯ್ತು ಅಂತ ತಳ್ಕೊಂಡು ಓಗಾನ. ಇವ್ಳು ಈಗ ಬಿಟ್ಟೋದ್ರೆ ಹೆಂಗಸ್ರೆಲ್ಲ ಇವ್ಳ ಹಿಂದೇನೇ ಓಗ್ತಾರೆ.”

ಆ ಕಡೆ ಯಾರೂ ಇರಲಿಲ್ಲ. ಅದು ನನಗೆ ಹೇಳಿದ ಮಾತು. ತನ್ನ ಹೆಂಡತಿಯ ಅಣ್ಣನ ಮಗನಿಗೆ ಕುರ್ಚಿ ಗೊತ್ತುಮಾಡಿಯಾಗಿತ್ತು. ಕಾಲಿನ ನರ ಗಂಟುಕಟ್ಟಿದವಳು ಹಣ್ಣು ಮುಗಿಯುವವರೆಗೆ ನಿಂತಿರಬೇಕಾಗಿತ್ತು. ನಾನು ಅವಳ ಮುಖ ನೋಡಿದೆ. ಕುರ್ಚಿಯ ಬೆನ್ನಿನ ಮೇಲಿದ್ದ ಅವಳ ಕೈ ಅಲ್ಲಾಡಲಿಲ್ಲ.

“ಅಣ್ಣಾ, ಆ ಅಕ್ಕನ್ಗೆ ಕನ್ನಡ ಬತ್ತದೆ” ಎಂದೆ.

ಅವನು ಫೋನ್ ಕೆಳಗಿಡಲಿಲ್ಲ. “ಬಂದ್ರೆ ಬರ್ಲಿ ಬಿಡು ವಾದ್ಯಾರೇ” ಎಂದ, ಅದೇ ದನಿಯಲ್ಲಿ, ಫೋನಿಗೇ.

ಈ ಮಾತನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ಅವನು ಅಂದದ್ದು ಹೌದೋ, ಅಥವಾ ಅವನ ಬಗ್ಗೆ ನನಗಿರುವ ಸಿಟ್ಟೇ ಆ ಮಾತನ್ನು ಆಮೇಲೆ ಅವನ ಬಾಯಲ್ಲಿ ಇಟ್ಟಿತೋ. ಆಫೀಸಿನ ಕ್ಲರ್ಕ್ ಹುಡುಗಿ ಆಗ ಮೂಲೆಯಲ್ಲಿ ಪ್ರಿಂಟರಿಗೆ ಕಾಗದ ಹಾಕುತ್ತಿದ್ದಳು. ಕೇಳಿದರೆ, ಮುದಲಾಳಿ ಏನೂ ಅನ್ನಲಿಲ್ಲ, ಬರೀ ನಕ್ಕರು ಎನ್ನುತ್ತಾಳೆ. ನಕ್ಕದ್ದಾದರೂ ಸರಿಯೇ. ಅಲ್ಲಿಯವರೆಗೆ ನಾನು, ಅವಳಿಗೆ ತಿಳಿಯದಿರಲಿ ಎಂಬ ಕಾರಣಕ್ಕಾದರೂ ಅವನು ಪರದೆ ಹಿಡಿದಿದ್ದಾನೆ ಎಂದುಕೊಂಡಿದ್ದೆ. ಕದ್ದು ಮುಚ್ಚಿ ಮಾಡುವುದರಲ್ಲೂ ಎದುರಿನವರ ಬಗ್ಗೆ ಒಂದಿಷ್ಟು ಅಳುಕು ಇರುತ್ತದೆ. ಅದೂ ಇರಲಿಲ್ಲ. ತಿಳಿದರೂ ಒಂದೇ, ತಿಳಿಯದಿದ್ದರೂ ಒಂದೇ. ಮೂರು ಅಡಿ ದೂರದಲ್ಲಿ ಉಸಿರಾಡುತ್ತಿದ್ದ ಮನುಷ್ಯಜೀವಕ್ಕಿಂತ ಕಿವಿಯಲ್ಲಿದ್ದ ಖಾಲಿ ಫೋನ್ ಅವನಿಗೆ ಹೆಚ್ಚಾಗಿತ್ತು.

ಅಕ್ಕ ಸೊಂಟಕ್ಕೆ ಸಿಕ್ಕಿಸಿದ್ದ ಸಣ್ಣ ಚೀಲದಿಂದ ತನ್ನ ಗುಂಡಿ ಫೋನ್ ತೆಗೆದಳು. ಒಂದು ಗುಂಡಿ ಒತ್ತಿದಳು.

ಅಣ್ಣನ ಕಿವಿಗೆ ಅಂಟಿಕೊಂಡಿದ್ದ ಫೋನ್ ಬಾಯಿಬಿಟ್ಟು ಕೂಗಿತು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ, ಕ್ಲರ್ಕ್ ಹುಡುಗಿಗೂ ಇಲ್ಲ. ಅವನು ಬೆಂಕಿ ತಾಗಿದವನಂತೆ ಫೋನನ್ನು ಕಿವಿಯಿಂದ ಕಿತ್ತ. ಮಾತಾಡುತ್ತಿದ್ದ ಫೋನ್ ಹೀಗೆ ಕೂಗುವುದಿಲ್ಲ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅದು ಕೂಗುತ್ತಲೇ ಇತ್ತು. ಅವನು ಅದನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಅವನು ಮಾಡಿದ್ದನ್ನು ಊರಲ್ಲಿ ಯಾರೂ ನಂಬುವುದಿಲ್ಲ. ಫೋನ್ ಎತ್ತಿದ. ಕೈಗೆ ಅಭ್ಯಾಸವಾಗಿತ್ತು, ಎತ್ತಿಬಿಟ್ಟಿತು.

“ಸೊಲ್ಲುಂಗಮ್ಮಾ” ಎಂದ.

ಹೇಳಿಯಮ್ಮಾ ಎಂದು, ಬಹುವಚನದಲ್ಲಿ. ನಸುಕಿನಲ್ಲಿ ಹೆಂಗಸರನ್ನು ಕರೆತರಲು ಹೇಳುವಾಗಿನ ಮೆತ್ತನೆಯ ದನಿ ಅದು. ಎದುರಿಗೆ ಬಂದಾಗ ಅವಳಿಗೆ ಆ ದನಿ ಒಂದು ದಿನವೂ ಸಿಕ್ಕಿರಲಿಲ್ಲ. ಅವಳು ತನ್ನ ಫೋನನ್ನು ಕಿವಿಗೆ ಇಟ್ಟುಕೊಂಡೇ, ಕಣ್ಣನ್ನು ಅವನ ಮುಖದ ಮೇಲಿಟ್ಟು, ಕನ್ನಡದಲ್ಲಿ ಕೇಳಿದಳು.

“ಮುದಲಾಳೀ, ಆ ಕುರ್ಚಿ ನನ್ಗೆ ಐತಾ, ಇಲ್ವಾ? ಅದೊಂದು ಯೋಳಿ, ನಾನು ಓಗ್ತೀನಿ.”

ಮಾತು ಎರಡೆರಡು ಸಲ ಕೇಳಿಸಿತು, ಅವಳ ಬಾಯಿಂದ ಒಮ್ಮೆ, ಅವನ ಫೋನಿನಿಂದ ಒಮ್ಮೆ. ಅಣ್ಣ ಗಂಟಲು ಸರಿಮಾಡಿಕೊಂಡ. ತಲೆ ತಗ್ಗಿಸಿ, ಮೇಜಿನ ಮೇಲಿದ್ದ ಇನ್ನೊಂದು ಫೋನನ್ನು ನೋಡುತ್ತಾ, “ಇಲ್ಲಮ್ಮ” ಎಂದ.

“ಆಯ್ತು” ಎಂದು ಅವಳು ಫೋನನ್ನು ಚೀಲಕ್ಕೆ ಹಾಕಿದಳು. “ಇಷ್ಟೇ ತಾನೆ. ಇದ್ನ ಮಕ ನೋಡ್ಕೊಂಡು ಯೋಳಾಕೆ ನಿಮ್ಗೆ ಏನಾಗಿತ್ತು?”

ಅವಳು ಹೋದಳು. ಕಿಟಕಿಯಿಂದ ಕಾಣಿಸಿತು. ಮೇಜಿನ ಹತ್ತಿರ ಹೋಗಿ ತನ್ನ ಕತ್ತರಿಯನ್ನು ಪಕ್ಕದವಳ ಕೈಗೆ ಕೊಟ್ಟಳು, ಊಟದ ಡಬ್ಬಿ ತೆಗೆದುಕೊಂಡಳು, ಗೇಟಿನಾಚೆ ಬೇವಿನ ಮರದ ಕೆಳಗೆ ಮತ್ತೆ ಫೋನ್ ತೆಗೆದಳು. ಚಿನ್ನಮನೂರಿಗೆ ಮಾತಾಡುತ್ತಿದ್ದಾಳೆ ಎಂದು ಅರ್ಥವಾಯಿತು.

ಅಣ್ಣ ನನ್ನ ಕಡೆ ತಿರುಗಿ, “ವಾದ್ಯಾರೇ, ನಿನ್ಗೂ ನನ್ಹತ್ರ ಏನಾರ ಯೋಳಾದಿದ್ರೆ ಒಂದು ಫೋನ್ ಮಾಡಪ್ಪ” ಎಂದು ನಕ್ಕ. ಕ್ಲರ್ಕ್ ಹುಡುಗಿಯೂ ನಕ್ಕಳು. ಸಂಜೆಯೊಳಗೆ ಅದು ಶೆಡ್ಡಿನ ತಮಾಷೆಯಾಗಿತ್ತು. ನನಗೆ ನಿಜವಾದ ಸಿಟ್ಟು ಬಂದದ್ದು ಆಗ. ಅವನು ಇಲ್ಲ ಎಂದದ್ದಕ್ಕಲ್ಲ. ಇಲ್ಲ ಎನ್ನುವುದು ಮುದಲಾಳಿಯ ಹಕ್ಕು, ಅವಳೂ ಅದನ್ನೇ ಕೇಳಲು ಬಂದಿದ್ದಳು. ಒಬ್ಬಳ ಮುಖಕ್ಕೆ ಕೊಡಲಾಗದ ಒಂದು ಮಾತನ್ನು ಅವಳ ಫೋನಿಗೆ ಕೊಟ್ಟು, ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ ಎಂಬಂತೆ ನಕ್ಕನಲ್ಲ, ಅದಕ್ಕೆ. ಅವನಿಗೆ ಇದನ್ನು ಹೇಳಿದೆ. ನಾನು ಹೇಳುವಾಗಲೂ ಅವನ ಹೆಬ್ಬೆರಳು ಫೋನಿನ ಮೇಲೆ ಓಡುತ್ತಲೇ ಇತ್ತು, ಹ್ಞೂಂ ಎಂದ.

ಕುರ್ಚಿಯಲ್ಲಿ ಈಗ ಮಚ್ಚಾನನ ಮಗ ಕೂರುತ್ತಾನೆ. ಟ್ರೇ ತೂಕದ ಯಂತ್ರದ ಮೇಲಿದ್ದರೂ ಅವನ ತಲೆ ಮೇಲೇಳುವುದಿಲ್ಲ. ಡ್ರೈವರುಗಳು ಅವನ ಮುಂದೆ ನಿಂತು ಟೈರಿಗೆ ಒದೆಯುತ್ತಾ ಕಾಯುತ್ತಾರೆ. ಹೆಂಗಸರಲ್ಲಿ ಹೆಚ್ಚಿನವರು ಆಡಿ ಮುಗಿಯುವ ಮೊದಲೇ ಅಕ್ಕನ ಹಿಂದೆ ಚಿನ್ನಮನೂರಿಗೆ ಹೋದರು. ಅಣ್ಣನ ಲೆಕ್ಕಾಚಾರ ಅದೊಂದರಲ್ಲಿ ಮಾತ್ರ ಸರಿಯಾಗಿತ್ತು. ಅವನು ಈಗಲೂ ನಸುಕಿನಲ್ಲಿ ಅವಳಿಗೆ ಫೋನ್ ಮಾಡಿ ನೋಡುತ್ತಾನಂತೆ. ನಾನೂ ಅಲ್ಲಿನ ಕೆಲಸ ಬಿಟ್ಟು ಪೆರಿಯಕುಳಂನ ಒಂದು ಶಾಲೆ ಸೇರಿದೆ. ಈ ಸಲ ನಾನೇ ಬಿಟ್ಟದ್ದು, ಇದನ್ನು ಯಾರನ್ನು ಬೇಕಾದರೂ ಕೇಳಬಹುದು.

ಕೆಲವು ತಿಂಗಳ ಹಿಂದೆ ತೇನಿಯ ಬಸ್ಸಿನಲ್ಲಿ ಅಕ್ಕ ಸಿಕ್ಕಳು. ನಾನು ಬರೆಯಬೇಕೆಂದಿರುವುದನ್ನು ಹೇಳಿ, ಅಣ್ಣ ಅವತ್ತು ‘ಬಂದ್ರೆ ಬರ್ಲಿ’ ಎಂದದ್ದು ನಿಜ ತಾನೇ ಎಂದು ಕೇಳಿದೆ. ಅವಳು ಯೋಚಿಸಿದಳು. ಏನಂದರೋ ತಂಬಿ, ನಾನು ಅವರ ಮಾತು ಕೇಳುತ್ತಿರಲಿಲ್ಲ, ಅವರು ಯಾವಾಗ ತಲೆ ಎತ್ತುತ್ತಾರೆ ಎಂದು ನೋಡುತ್ತಿದ್ದೆ ಎಂದಳು. ಹೊಸ ಶೆಡ್ ಹೇಗಿದೆ ಎಂದೆ.

“ಅಲ್ಲೂ ಮುದಲಾಳಿ ಫೋನ್ ನೋಡ್ಕೊಂಡೇ ಮಾತಾಡ್ತಾರೆ” ಎಂದಳು. ಸೀರೆಯ ಅಂಚನ್ನು ಸ್ವಲ್ಪ ಸರಿಸಿ ಕಾಲನ್ನು ಮುಂದಿನ ಸೀಟಿನ ಕೆಳಗೆ ನೀಡಿಕೊಂಡಳು. “ಆದ್ರೆ ಅವ್ರು ತಲೆ ಎತ್ತೋಗಂಟ ನಾನು ಕುಂತಿರ್ತೀನಿ.”