ಜಡ್ಜ್ ಸಾಹೇಬರಿಗೆ ತೋರಿಸಿದ ಕಾಲು

ದೊರ್ಕಾಬಾಯಿ ನರ್ಸ್ ಕೆಲಸದಿಂದ ನಿವೃತ್ತರಾದಾಗ ಬೀದರದ ಚರ್ಚಿನವರು ಶಾಲು ಹೊದಿಸಿ, ಇನ್ನು ಆರಾಮಾಗಿರಿ ಎಂದು ಹರಸಿದರು. ಸುಮ್ಮನೆ ಕೂಡುವ ಜೀವವೇ ಅದು? ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕಿಯಾಗಿ ಜೈಲಿಗೆ ಓಡಾಡತೊಡಗಿದರು. "ಮಮ್ಮಿ ಜೈಲಿಗಿ ಹೋಗ್ಯಾಳ" ಎಂದು ಮಗ ರೋನಿ ಫೋನು ಮಾಡಿದವರಿಗೆಲ್ಲ ಹೇಳಿ ಮಜಾ ತೆಗೆದುಕೊಳ್ಳುತ್ತಿದ್ದ.

ಅಲ್ಲಿ ಸಿಕ್ಕವನು ಮೆಹಕರದ ಕಾಶೀರಾಮ. ಹೊಲದ ಬದುವಿನ ಜಗಳದಲ್ಲಿ ಕೈಮಾಡಿ ಒಳಗೆ ಬಂದಿದ್ದ. ವಿಚಾರಣೆ ಭಾಲ್ಕಿ ಕೋರ್ಟಿನಲ್ಲಿ, ಅವನು ಹಾಜರಾಗುವುದು ಮಾತ್ರ ಜೈಲಿನಿಂದಲೇ ವಿಡಿಯೋದಲ್ಲಿ. ಸಕ್ಕರೆ ಕಾಯಿಲೆಯ ಮನುಷ್ಯ, ಪಾದದ ಗಾಯ ಕಪ್ಪಾಗುತ್ತಿತ್ತು. ಕೊಳೆಯುವ ಕಾಲಿಗೆ ನೋವಿನ ಗುಳಿಗೆ ಕೊಟ್ಟು ಕಳಿಸುವ ಜೈಲಿನ ಜಾಣರಿಗೆ ಏನೆನ್ನಬೇಕು! ದೊರ್ಕಾಬಾಯಿ ಪಟ್ಟಿ ಬಿಚ್ಚಿ ನೋಡಿದರು. ಇನ್ನೂ ತಡವಾದರೆ ಕಾಲು ಕತ್ತರಿಸುವುದೇ ಗತಿ.

"ಜಡ್ಜ್ ಸಾಹೇಬ್ರಿಗಿ ಯಾಕ ಹೇಳ್ಲಿಲ್ಲಪಾ?" ಎಂದು ಗದರಿದರು.

"ವಿಡಿಯೋದಾಗ ಬರೇ ಮಾರಿ ಕಾಣ್ತದರಿ ಸಿಸ್ಟರ. ದೊಡ್ಡೋರ ಮುಂದ ಕಾಲಿನ ಮಾತು ಹ್ಯಾಂಗ ತೆಗೀಲಿರಿ?"

ಔರಾದಿನ ಪೂನಮ ಅವನಿಗೆ ನೇಮಕವಾದ ಉಚಿತ ವಕೀಲೆ, ಚುರುಕು ಹುಡುಗಿ. ದೊರ್ಕಾಬಾಯಿ ಹೇಳಿದ ಕೂಡಲೇ ಕೋರ್ಟಿಗೆ ಅರ್ಜಿ ಹಾಕಿದಳು. "ಜೈಲಿನ್ಯಾಗ ಇದ್ರೂ ಔಷಧೋಪಚಾರ ನಿಮ್ಮ ಹಕ್ಕು ಅದರಿ ಕಾಕಾ. ಇಲ್ಲಿ ಆಗಲಿಲ್ಲಂದ್ರ ಮಾನವ ಹಕ್ಕು ಆಯೋಗಕ್ಕ ಬರೀತೇನಿ, ಕಲಬುರಗಿ ಹೈಕೋರ್ಟಿಗೂ ಹೋಗ್ತೇನಿ. ಆದ್ರ ಈ ಸಲ ಕ್ಯಾಮೆರಾಕ್ಕ ಕಾಲು ತೋರಸ್ರಿ."

ಕಾಶೀರಾಮ ಕಿವಿ ಮುಚ್ಚಿಕೊಂಡ. "ತೋಬಾ ತೋಬಾ! ಸಾಹೇಬ್ರ ಮಾರಿಗಿ ಕಾಲಾ? ಜನ್ಮದಾಗ ಜಾಮೀನು ಸಿಗಂಗಿಲ್ಲ!"

"ಕಾಲು ಹೋದ ಮ್ಯಾಲ ಜಾಮೀನು ತಗೊಂಡು ಎಲ್ಲಿ ನಡ್ಯಾಂವಪಾ ನೀ?" ಎಂದರು ದೊರ್ಕಾಬಾಯಿ.

ವಿಚಾರಣೆಯ ದಿನ ಕಾಶೀರಾಮ ಪರದೆಗೆ ಕೈಮುಗಿದ, ಗಲ್ಲ ಬಡಿದುಕೊಂಡ. "ತಪ್ಪಾಯ್ತರಿ ಸಾಹೇಬ್ರ, ಹೊಟ್ಟಿಗಿ ಹಾಕ್ಕೋರಿ" ಅನ್ನುತ್ತಲೇ ಪಟ್ಟಿ ಬಿಚ್ಚಿದ ಕಾಲನ್ನು ಎತ್ತಿ ಮೇಜಿನ ಮೇಲಿಟ್ಟ. ಪಕ್ಕದಲ್ಲಿದ್ದ ಪೊಲೀಸಪ್ಪ ಹೌಹಾರಿದ. ಹಿಂದೆ ನಿಂತಿದ್ದ ದೊರ್ಕಾಬಾಯಿ ಕುರ್ಚಿ ಅಲುಗದಂತೆ ಹಿಡಿದರು.

ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದರು. "ಸ್ವಲ್ಪ ಮೇಲೆತ್ತಿ. ಇನ್ನೂ ಸ್ವಲ್ಪ." ಅವರ ಮುಖ ಕೆಂಪಾಯಿತು, ಸಿಟ್ಟು ಕಾಶೀರಾಮನ ಮೇಲಲ್ಲ. ಇವತ್ತೇ ಆಸ್ಪತ್ರೆಗೆ ಸೇರಿಸಿ, ನಾಳೆ ವೈದ್ಯರ ವರದಿ ತನ್ನಿ ಎಂದು ಜೈಲಿನವರಿಗೆ ಆದೇಶವಾಯಿತು. ದೊರ್ಕಾಬಾಯಿ ಖುಷಿ ತಡೆಯಲಾರದೆ ಪೊಲೀಸಪ್ಪನ ಬೆನ್ನಿಗೇ ಒಂದು ಗುದ್ದು ಹಾಕಿದರು.

ಆಪರೇಶನ್ ಆದ ಮರುದಿನ ಹೆಂಡತಿ ಶಾಲುಬಾಯಿ ಮೆಹಕರದಿಂದ ಬಂದಳು. ಕಾಲು ಇದೆಯೋ ಇಲ್ಲವೋ ಎಂದು ಯಾರನ್ನೂ ಕೇಳುವ ಧೈರ್ಯವಾಗದೆ ಮಂಚದ ಹತ್ತಿರ ಕಣ್ಣುಮುಚ್ಚಿ ನಿಂತುಬಿಟ್ಟಳು. ದೊರ್ಕಾಬಾಯಿ ಅವಳ ಕೈ ಹಿಡಿದು ಹೊದಿಕೆಯೊಳಗೆ ಸರಿಸಿ, ಕಾಲ್ಬೆರಳುಗಳ ಮೇಲೆ ಇಟ್ಟರು. ಕಾಶೀರಾಮ ಹೆಬ್ಬೆರಳು ಆಡಿಸಿದ.

"ಬೆಚ್ಚಗ ಅದರಿ ಸಿಸ್ಟರ," ಶಾಲುಬಾಯಿ ಕಣ್ಣು ತೆರೆಯದೆಯೇ ನಕ್ಕಳು, "ಬೆಚ್ಚಗ ಅದ!"