ತೂಗಿದರೆ ಉರಿಯುವ ಬಲ್ಬು

ಸಿದ್ಧಕಟ್ಟೆಯಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಮಾಡುವ ದೇಜಪ್ಪನಿಗೆ ಯಾರು ಕೈಕಾಲು ಆಡಿಸಿದರೂ ಕರೆಂಟೇ ಕಾಣುತ್ತಿತ್ತು. ಟೈಲರ್ ಹೊಲಿಗೆ ಮೆಷಿನ್ ತುಳಿಯುವುದನ್ನು ನೋಡಿ, "ಎಷ್ಟು ಕರೆಂಟು ಸುಮ್ಮನೆ ಹೋಗ್ತಾ ಉಂಟು ಮಾರಾಯ!" ಎಂದು ನಿಜಕ್ಕೂ ಮರುಗುತ್ತಿದ್ದ. ಮಗಳು ಭವ್ಯಶ್ರೀಯ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ, ಹಳೆಯ ಸೈಕಲ್ ಡೈನಮೋವೊಂದನ್ನು ತೊಟ್ಟಿಲಿನ ಮೇಲಿನ ತೊಲೆಗೆ ಬಿಗಿದು, ತೂಗಿದಾಗಲೆಲ್ಲ ಪುಟ್ಟ ಬಲ್ಬು ಉರಿಯುವಂತೆ ಮಾಡಿದ. ನೆಂಟರು ಬೆರಗಾದರು. ದೇಜಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮುಸ್ಸಂಜೆಗೆ ಹೆಂಡತಿಯ ಅಣ್ಣ ಮೂಡುಬಿದಿರೆಯಿಂದ ಬಂದ. "ಹೌದಾ ಭಾವ, ತೊಟ್ಟಿಲಲ್ಲಿ ಕರೆಂಟು ಬರ್ತದಂತೆ?" ಎಂದು ಕೇಳಿದ್ದೇ ತಡ, ದೇಜಪ್ಪ ಒಳಗೆ ನುಗ್ಗಿ ತೊಟ್ಟಿಲನ್ನು ಜೋರಾಗಿ ತೂಗತೊಡಗಿದ. ಮಗು ಆಗ ಭವ್ಯಶ್ರೀಯ ಮಡಿಲಲ್ಲಿತ್ತು.

"ಖಾಲಿ ತೊಟ್ಟಿಲು ತೂಗುವುದಾ?" ಹೆಂಡತಿ ಜಲಜಾಕ್ಷಿ ಕೂಗಿದಳು. "ಮಗುವಿಗೆ ಆಗುವುದಿಲ್ಲಾಂತ ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಆ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಭವ್ಯಶ್ರೀಯ ಮೊದಲ ಮಗು ಆಸ್ಪತ್ರೆಯಿಂದ ಮನೆಗೆ ಬಂದಿರಲೇ ಇಲ್ಲ. ಆಗ ಅಟ್ಟದಿಂದ ಇಳಿಸಿಟ್ಟಿದ್ದ ಇದೇ ತೊಟ್ಟಿಲನ್ನು ಸದ್ದಿಲ್ಲದೆ ಮತ್ತೆ ಅಟ್ಟಕ್ಕೇರಿಸಿದವನೂ ಅವನೇ.

ಅವನು ಕೈ ಬಿಟ್ಟ. ತೊಟ್ಟಿಲು ಕೂಡಲೇ ನಿಲ್ಲಲಿಲ್ಲ. ಹಿಡಿದು ನಿಲ್ಲಿಸಲು ಅವನ ಕೈ ಮೇಲೇಳಲಿಲ್ಲ. ಅದು ತೂಗುತ್ತಲೇ ಇತ್ತು, ಬಲ್ಬು ಉರಿಯುತ್ತಲೇ ಇತ್ತು. ಮಗುವನ್ನು ಎದೆಗವಚಿಕೊಂಡು ತನ್ನನ್ನೇ ನೋಡುತ್ತಿದ್ದ ಮಗಳ ಮುಖ ಆ ಬೆಳಕಿನಲ್ಲಿ ಅವನಿಗೆ ಚೆನ್ನಾಗಿಯೇ ಕಾಣಿಸಿತು.